ಚಿತಾಗಾರದ ಇಂಗಾಲ

ಇಂದುಮತಿ ಪತ್ತಾರಳಿಗೆ ಬೇಕಾಗಿದ್ದುದು ಕೊಳಕು ಹೊಗೆ. ಸಿಲಿಂಡರಿನಲ್ಲಿ ಬರುವ ಶುದ್ಧ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅವಳ ವಿದ್ಯುತ್ ಕೋಶ ಸೊಗಸಾಗಿ ನಡೆಯುತ್ತಿತ್ತು. ಅಂಥ ಕೋಶಗಳು ಜಗತ್ತಿನ ಬೇರೆ ಪ್ರಯೋಗಾಲಯಗಳಲ್ಲೂ ಇದ್ದವು. ಆದರೆ ಗಂಧಕ, ಮಸಿ, ಬೂದಿ ಎಲ್ಲ ಬೆರೆತ ನಿಜವಾದ ಚಿಮಣಿಯ ಹೊಗೆಯನ್ನು ಕುಡಿದು ತಿಂಗಳುಗಟ್ಟಲೆ ಬದುಕಬಲ್ಲ ವೇಗವರ್ಧಕ ಯಾರ ಬಳಿಯೂ ಇರಲಿಲ್ಲ. ತನ್ನದು ಬದುಕುತ್ತದೆ ಎಂದು ಅವಳ ನಂಬಿಕೆ. ಅದನ್ನು ತೋರಿಸಲು ಒಂದು ಚಿಮಣಿ ಬೇಕಿತ್ತು.

ಅವಳು ನವಲಕೋಟೆಯ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಅಕ್ಕಸಾಲಿಗರ ಮನೆಯ ಮಗಳು. ತಾಮ್ರದ ಮೇಲೆ ಬೆಳ್ಳಿ ಕೂರಿಸುವುದು ಚಿಕ್ಕಂದಿನಿಂದ ನೋಡಿದ ಕೆಲಸ. ಅವಳ ಎಲೆಕ್ಟ್ರೋಡೂ ಹೆಚ್ಚುಕಡಿಮೆ ಅದೇ: ಸ್ಪಂಜಿನಂತೆ ತೂತುತೂತಾದ ತಾಮ್ರದ ಹಾಳೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ದ್ವೀಪಗಳು. ಹಾಳೆಯ ಒಂದು ಬದಿಗೆ ಅನಿಲ, ಇನ್ನೊಂದು ಬದಿಗೆ ನೀರು, ಮೇಲ್ಛಾವಣಿಯ ಸೌರಫಲಕಗಳು ತುಂಬಿಸಿದ ಬ್ಯಾಟರಿಗಳಿಂದ ವಿದ್ಯುತ್ತು. ಬೆಳ್ಳಿ ಇಂಗಾಲದ ಡೈಆಕ್ಸೈಡಿನಿಂದ ಒಂದು ಆಮ್ಲಜನಕವನ್ನು ಕಿತ್ತು ಅರೆಬರೆ ಆದದ್ದನ್ನು ಪಕ್ಕದ ತಾಮ್ರಕ್ಕೆ ದಾಟಿಸುತ್ತದೆ. ತಾಮ್ರ ಅಂಥ ಎರಡನ್ನು ಜೋಡಿಸಿ, ನೀರಿನ ಜಲಜನಕ ಸೇರಿಸಿ, ಎಥನಾಲ್ ಎಂಬ ಸ್ಪಿರಿಟ್ ಮಾಡುತ್ತದೆ. ಉರಿದು ಹೊಗೆಯಾದದ್ದು ಮತ್ತೆ ಉರಿಯುವಂಥದ್ದಾಗುತ್ತದೆ.

ಸಿಮೆಂಟು ಕಾರ್ಖಾನೆಗಳಿಗೆ ಬರೆದಳು. ಉತ್ತರ ಬರಲಿಲ್ಲ. ಆಗ ಅವಳ ಸಂಶೋಧನಾ ವಿದ್ಯಾರ್ಥಿನಿ ಫರ್ಹಾನಾ ಕಿಟಕಿಯಾಚೆ ಬೆರಳು ಮಾಡಿ, "ಮ್ಯಾಡಂ, ಚಿಮಣಿ ಅಲ್ಲೇ ಐತಲ್ಲ" ಎಂದಳು. ವಿಜ್ಞಾನ ವಿಭಾಗದ ಗೋಡೆಗೆ ಅಂಟಿಕೊಂಡೇ ನಗರಸಭೆಯ ಸ್ಮಶಾನವಿತ್ತು. ಕಟ್ಟಿಗೆ ದುಬಾರಿಯಾದ ಮೇಲೆ ಅಲ್ಲಿ ಗ್ಯಾಸಿನ ಚಿತಾಗಾರ ಬಂದಿತ್ತು. ಇಂದುಮತಿ ಎದ್ದು ಕಿಟಕಿಯ ಬಳಿ ಬಂದು ನೋಡಿದಳು. ಆಮೇಲೆ, "ನಗರಸಭೆಯವರನ್ನ ಕೇಳೂಣು" ಎಂದಳು.

ನಗರಸಭೆ ಒಪ್ಪಿತು. ತಯಾರಾದ ಸ್ಪಿರಿಟನ್ನು ಚಿತಾಗಾರದ ಉರಿಗೇ ಮರಳಿ ಕೊಡುತ್ತೇವೆ, ಗ್ಯಾಸು ಉಳಿಯುತ್ತದೆ ಎಂದದ್ದು ಅವರಿಗೆ ಹಿಡಿಸಿತು. ಚಿಮಣಿಯಿಂದ ಒಂದು ಕೊಳವೆ ಗೋಡೆ ದಾಟಿ ಬಂತು. ಹೊಗೆಯನ್ನು ತಣಿಸಿ, ದಪ್ಪ ಬೂದಿಯನ್ನಷ್ಟೇ ಸೋಸಿ, ಉಳಿದ ಕೊಳಕಿನ ಸಮೇತ ಕೋಶಕ್ಕೆ ಬಿಟ್ಟರು. ತಯಾರಾದ ಸ್ಪಿರಿಟ್ ಒಂದು ಉಕ್ಕಿನ ಟಾಕಿಯಲ್ಲಿ ಶೇಖರವಾಗುತ್ತಿತ್ತು. ಮೊದಲು ವಾರಕ್ಕೊಮ್ಮೆ ಉಪ್ಪು ಕಟ್ಟಿ ಎಲೆಕ್ಟ್ರೋಡಿನ ತೂತುಗಳು ಮುಚ್ಚಿಹೋಗುತ್ತಿದ್ದವು. ಫರ್ಹಾನಾ ಅದಕ್ಕೂ ದಾರಿ ಕಂಡುಕೊಂಡಳು. ಚಳಿಗಾಲ ಕಳೆಯುವ ಹೊತ್ತಿಗೆ ಕೋಶ ಎಡೆಬಿಡದೆ ನಡೆಯುತ್ತಿತ್ತು.

ಮನೆಯಲ್ಲಿ ಮಾತ್ರ ಕಷ್ಟವಾಯಿತು. ತಾಯಿ ಕಾಳಮ್ಮ ಮಗಳನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಕರೆಯುತ್ತಿದ್ದಳು. ಬಚ್ಚಲಲ್ಲಿ ಬಿಸಿನೀರು ಸಿದ್ಧವಿರುತ್ತಿತ್ತು. ತಲೆಯ ಮೇಲೆ ನೀರು ಬೀಳದೆ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ.

"ಅವ್ವಾ, ನಾ ಗ್ವಾಡಿ ಈ ಕಡೆ ಇರತೀನಿ. ಆ ಕಡೆ ಹೋಗೂದೇ ಇಲ್ಲ."

"ಹೊಗಿ ಗ್ವಾಡಿ ದಾಟಿ ಬರತೈತಿ ಅಂತ ನೀನ ಹೇಳೀದಿ" ಎಂದು ಕಾಳಮ್ಮ ಟವೆಲು ಕೊಡುತ್ತಿದ್ದಳು. ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬರುವುದು ಕಡಿಮೆಯಾಗಿತ್ತು. ಅದನ್ನು ಕಾಳಮ್ಮ ಮಗಳೆದುರು ಆಡಲಿಲ್ಲ. ಒಂದು ಸಂಜೆ ಮಾತ್ರ ತಲೆ ಒರೆಸುತ್ತ ಕೇಳಿದಳು: "ಅವರ ಮನಿಯವರಿಗೆ ಹೇಳೀರೇನು?"

"ಯಾರ ಮನಿಯವರಿಗೆ?"

"ಸತ್ತವರ ಮನಿಯವರಿಗೆ."

"ನಗರಸಭೆ ಅನುಮತಿ ಐತವ್ವಾ."

ಕಾಳಮ್ಮ ರೊಟ್ಟಿ ಬಡಿಯಲು ಕೂತಳು. ಆ ಸದ್ದು ಕೇಳುತ್ತ ಇಂದುಮತಿಗೆ ತಾನು ಕೊಟ್ಟ ಉತ್ತರ ಯಾಕೋ ಸಾಲದು ಅನ್ನಿಸಿತು. ಆದರೆ ಮಾರನೆಯ ದಿನ ಕೆಲಸ ಬಹಳವಿತ್ತು.

ಸುದ್ದಿ ಹೊರಬಿದ್ದದ್ದು ವಿಜ್ಞಾನದ ಒಂದು ಒಳ್ಳೆಯ ಪ್ರಶ್ನೆಯಿಂದ. ಟಾಕಿಯ ಸ್ಪಿರಿಟಿನಲ್ಲಿರುವ ಇಂಗಾಲ ಎಲ್ಲಿಂದ ಬಂದದ್ದು? ಉರಿಸಿದ ಗ್ಯಾಸಿನಿಂದಲೋ, ದೇಹದಿಂದಲೋ? ಇದನ್ನು ಅಳೆಯಲು ದಾರಿಯಿತ್ತು. ಬದುಕಿರುವ ಎಲ್ಲದರಲ್ಲೂ ಒಂದು ಬಗೆಯ ವಿಕಿರಣಶೀಲ ಇಂಗಾಲ ತುಸು ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಗ್ಯಾಸಿನಲ್ಲಿ ಅದು ಪೂರ್ತಿ ನಶಿಸಿಹೋಗಿರುತ್ತದೆ. ಫರ್ಹಾನಾ ಮಾದರಿಯನ್ನು ಪರೀಕ್ಷೆಗೆ ಕಳಿಸಿದಳು. ಅರ್ಧಕ್ಕಿಂತ ಹೆಚ್ಚು ಇಂಗಾಲ ಮನುಷ್ಯರದು ಎಂದು ಉತ್ತರ ಬಂತು. ಅದನ್ನು ಅವಳು ಒಂದು ವಿಚಾರ ಸಂಕಿರಣದಲ್ಲಿ, ಒಂದೇ ವಾಕ್ಯದಲ್ಲಿ ಹೇಳಿದಳು. ಕೇಳಲು ಬಂದವರಲ್ಲಿ ಒಬ್ಬ ವರದಿಗಾರನಿದ್ದ. ಮೂರನೆಯ ದಿನ ಪತ್ರಿಕೆಯಲ್ಲಿ ದಪ್ಪಕ್ಷರ: ಹೆಣದಿಂದ ಸ್ಪಿರಿಟ್!

ಅಂದು ಮಧ್ಯಾಹ್ನ ವಿಭಾಗದ ಅಂಗಳ ತುಂಬಿತು. ಮುಂದೆ ನಿಂತವನು ವಿಠ್ಠಲ ಮಿರಜಕರ, ಪೇಟೆಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟವನು. ಚಳಿಗಾಲದಲ್ಲಿ ತಂದೆ ತೀರಿಕೊಂಡಿದ್ದರು. ಅವನು ಕೂಗಾಡಲಿಲ್ಲ.

"ನಮ್ಮಪ್ಪನ್ನ ದಹನ ಮಾಡಾಕ ತಂದಿದ್ವಿ ಮ್ಯಾಡಂ, ನಿಮ್ಮ ಮಶೀನಿಗೆ ಹಾಕಾಕಲ್ಲ. ಅವರನ್ನ ಸುಟ್ಟು ತಗದ ಎಣ್ಣೀಲೆ ಮತ್ತೊಬ್ಬರನ್ನ ಸುಟ್ಟೀರಿ. ನಮಗೊಂದು ಮಾತು ಕೇಳಾಕ ಏನಾಗಿತ್ತು?"

ಇಂದುಮತಿ ಬಾಯಿ ತೆರೆದಳು. ಹೊಗೆ ಹೇಗಿದ್ದರೂ ಗಾಳಿಗೆ ಹೋಗುತ್ತಿತ್ತು, ಅದನ್ನು ಹಿಡಿದೆವು ಅಷ್ಟೇ ಎಂದು ಹೇಳಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಅವನ ಮುಖ ನೋಡಿ ಆ ಮಾತು ಹೊರಡಲಿಲ್ಲ. "ಕೇಳಬೇಕಿತ್ತು" ಎಂದಳು. "ಕೇಳಲಿಲ್ಲ. ತಪ್ಪಾತು."

ಹಿಂದಿನಿಂದ ಬೇರೊಂದು ದನಿ ಬಂತು, ನಗರಸಭಾ ಸದಸ್ಯನೊಬ್ಬನದು: "ಅದಷ್ಟೇ ಅಲ್ಲ! ಯಾರ್ಯಾರದೋ ಹೆಣದ ಎಣ್ಣಿ ಒಂದ ಟಾಕ್ಯಾಗ ಕೂಡಿಸ್ಯಾರ! ಯಾವ ಜಾತಿ, ಯಾವ ಕುಲ, ಏನರೆ ನೋಡ್ಯಾರೇನು?" ಆ ಮಾತಿಗೆ ಗುಂಪು ಮೊದಲಿಗಿಂತ ಜೋರಾಗಿ ಕುದಿಯಿತು. ಸಂಜೆಯೊಳಗೆ ಕೋಶವೂ ಟಾಕಿಯೂ ಇದ್ದ ಘಟಕಕ್ಕೆ ಬೀಗ ಬಿತ್ತು.

ವಿಭಾಗದ ಮುಖ್ಯಸ್ಥ ಪ್ರೊಫೆಸರ್ ನಾಡಗೌಡರು ಅನುಭವಸ್ಥರು, ಇಂದುಮತಿಯ ಕೆಲಸದ ಬಗ್ಗೆ ನಿಜವಾದ ಅಭಿಮಾನವುಳ್ಳವರು. ಅವರು ಬಾಗಿಲು ಮುಂದೆ ಮಾಡಿ ಕೂರಿಸಿ, ಮೆಲ್ಲಗೆ ಹೇಳಿದರು: "ಒಂದೊಂದು ಮನಿಗೆ ಒಂದೊಂದು ಸೀಸೆ ಕೊಟ್ಟುಬಿಡು. ಇದು ನಿಮ್ಮ ತಂದಿಯವರದು, ಇದು ನಿಮ್ಮ ತಾಯಿಯವರದು ಅಂತ ಹೇಳು. ದೀಪ ಹಚ್ಚಿ ಸಮಾಧಾನ ಮಾಡ್ಕೋತಾರ. ಮೊದಲು ಆ ಮಿರಜಕರನ ಮನಿಯಿಂದ ಸುರು ಮಾಡು. ಅಂವ ತಣ್ಣಗಾದ್ರ ಉಳಿದವರೂ ತಣ್ಣಗಾಗತಾರ."

"ಟಾಕ್ಯಾಗ ಎಲ್ಲಾರದೂ ಕೂಡೇತಲ್ಲ ಸರ್."

"ಅದು ನಿನಗ ಗೊತ್ತು, ನನಗ ಗೊತ್ತು."

ಪರೀಕ್ಷೆಗೆಂದು ಮೊದಲೇ ತೆಗೆದಿಟ್ಟಿದ್ದ ಸ್ಪಿರಿಟಿನಿಂದ ಅವಳು ಒಂದು ಸೀಸೆ ತುಂಬಿಸಿಕೊಂಡೇ ಮಿರಜಕರನ ಮನೆಗೆ ಹೊರಟಳು. ದಾರಿಯುದ್ದಕ್ಕೂ ಅದು ಚೀಲದಲ್ಲಿ ಕುಲುಕಾಡುತ್ತಿತ್ತು. ವಿಠ್ಠಲನ ತಂದೆ ಯಶವಂತರಾವ್ ಮಿರಜಕರ ತೀರಿಕೊಂಡ ದಿನವನ್ನು ಚಿತಾಗಾರದ ದಾಖಲೆಯಲ್ಲಿ ನೋಡಿದ್ದಳು; ಆ ವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಎಲೆಕ್ಟ್ರೋಡಿನಲ್ಲಿ ಉಪ್ಪು ಕಟ್ಟಿ ಕೋಶ ನಿಂತಿದ್ದ ವಾರ ಅದು. ಫರ್ಹಾನಾ ಕೋಶ ಬಿಚ್ಚಿ ತೊಳೆಯುತ್ತ ಕೂತಿದ್ದಳು. ಚಿಮಣಿಯ ಹೊಗೆ ಎಂದಿನ ಹಾಗೆ ನೇರ ಆಕಾಶಕ್ಕೆ ಹೋಗಿತ್ತು. ಸೀಸೆಯಲ್ಲಿ ಆ ಮನುಷ್ಯನ ಒಂದು ಅಣುವೂ ಇರಲಿಲ್ಲ.

ಬಾಗಿಲು ತೆರೆದವಳು ಯಶವಂತರಾಯರ ಹೆಂಡತಿ ಅಂಬೂಬಾಯಿ. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದಿದ್ದಳು, ಕೊರಳಲ್ಲಿ ಅಳತೆಯ ಟೇಪು. ಮಗ ಅಂಗಡಿಗೆ ಹೋಗಿದ್ದ. ಯಾರೆಂದು ತಿಳಿದ ಮೇಲೂ ಆಕೆ ಒಳಗೆ ಕರೆದು ನೀರು ಕೊಟ್ಟಳು.

"ವಿಠ್ಠಲ ಸಿಟ್ಟಿನ್ಯಾಗ ಅದಾನ. ನಂಗ ಸಿಟ್ಟಿಲ್ಲ. ಒಂದು ತಿಳಕೋಬೇಕಾಗಿತ್ತು." ಆಕೆ ಟೇಪನ್ನು ಬೆರಳಿಗೆ ಸುತ್ತಿದಳು. "ಅವರು ಎಲ್ಲಿ ಅದಾರ?"

ಇಂದುಮತಿ ಚೀಲದ ಮೇಲೆ ಕೈಯಿಟ್ಟಳು. ಸೀಸೆ ತೆಗೆದು ಮೇಜಿನ ಮೇಲಿಟ್ಟರೆ ಮುಗಿಯಿತು. ಇಷ್ಟು ಸುಲಭದ ಸುಳ್ಳು ಅವಳ ಜೀವನದಲ್ಲಿ ಎದುರಾಗಿರಲಿಲ್ಲ, ಇಷ್ಟು ದಯೆಯದೂ.

"ನಮ್ಮ ಟಾಕ್ಯಾಗ ಇಲ್ಲ ಅಂಬೂಬಾಯಿ" ಎಂದಳು. "ಆ ವಾರ ನಮ್ಮ ಮಶೀನು ಕೆಟ್ಟಿತ್ತು. ಅವರದೇನೂ ನಮಗ ಸಿಗಲಿಲ್ಲ. ಎಲ್ಲಾ ಚಿಮಣೀಲೆ ಹೊರಗ ಹೋತು."

"ಎಲ್ಲಿಗೆ?"

"ಗಾಳಿಗೆ. ಈಗ ಎಲ್ಲಿ ಅದಾರ ಅಂತ ಹೇಳಾಕ ಬರೂದಿಲ್ಲ. ಗಿಡದ ಎಲಿಯೊಳಗ ಇರಬಹುದು. ಜ್ವಾಳದಾಗ ಇರಬಹುದು. ಸಮುದ್ರ ದಾಟಿರಬಹುದು."

ಅಂಬೂಬಾಯಿ ಬೆರಳಿಗೆ ಸುತ್ತಿದ್ದ ಟೇಪು ಬಿಚ್ಚಿದಳು. ಆಮೇಲೆ ಅವಳ ಮುಖದಲ್ಲಿ ಕಂಡದ್ದು ನಗೆಯೆಂದು ಗೊತ್ತಾಗಲು ಇಂದುಮತಿಗೆ ಸ್ವಲ್ಪ ಸಮಯ ಹಿಡಿಯಿತು.

"ಮೂವತ್ತು ವರ್ಷ ಟಾಕೀಜಿನ ಪ್ರೊಜೆಕ್ಟರ್ ಖೋಲ್ಯಾಗ ಕೂತ್ರವರು. ಕಿಟಕಿ ಇಲ್ಲ, ಫ್ಯಾನಿಲ್ಲ. ಊರ ಮಂದಿಗೆಲ್ಲಾ ಕಾಶ್ಮೀರ ತೋರಿಸಿದ್ರು, ತಾವು ಎಲ್ಲೂ ಹೋಗಲಿಲ್ಲ. ಛಲೋ ಆತು ಬಿಡ್ರಿ. ಸೀಸೆದಾಗ ಕೂಡೂದು ಅವರ ಕೈಲೆ ಆಗತಿರಲಿಲ್ಲ." ಹೇಳುತ್ತ ಹೇಳುತ್ತ ಆಕೆ ಅತ್ತಳು. ಇಂದುಮತಿ ಪಕ್ಕದಲ್ಲಿ ಕೂತೇ ಇದ್ದಳು. ಸೀಸೆಯನ್ನು ಹೊರತೆಗೆಯದೆ ವಾಪಸು ತಂದಳು.

ನಗರಸಭೆಯ ಸಭಾಂಗಣದಲ್ಲಿ ಸಭೆ ಕರೆದರು. ಜನ ಕಿಟಕಿಗಳಲ್ಲೂ ನಿಂತಿದ್ದರು. ಜಾತಿಯ ಮಾತೆತ್ತಿದ್ದ ಸದಸ್ಯ ಎದ್ದು, ತಾನು ವಿಜ್ಞಾನದ ವಿರೋಧಿಯಲ್ಲ ಎಂದ. ಘಟಕ ಇರಲಿ. ಆದರೆ ಸಮಾಜಕ್ಕೊಂದು ಟಾಕಿ ಮಾಡಲಿ. ಅವರವರ ಎಣ್ಣೆ ಅವರವರ ಚಿತೆಗೆ. ಖರ್ಚು ಬೇಕಾದರೆ ಆಯಾ ಸಮಾಜದವರೇ ಕೊಡುತ್ತಾರೆ. ಹಲವರು ತಲೆಯಾಡಿಸಿದರು. ನಾಡಗೌಡರು ಇಂದುಮತಿಯತ್ತ ಬಾಗಿ, "ಒಪ್ಪಿಕೊ" ಎಂದು ಪಿಸುಗುಟ್ಟಿದರು. "ಕೊಳವಿ ನಾಕು ಹೆಚ್ಚಾಗತಾವ, ಅಷ್ಟೇ. ನಿನ್ನ ಕೆಲಸ ಉಳೀತೈತಿ."

ಅವಳು ಎದ್ದು ನಿಂತಳು. ಏಳು ವರ್ಷಗಳ ಕೆಲಸ ಆ ಬೀಗದ ಹಿಂದಿತ್ತು. ಫರ್ಹಾನಾಳ ಪ್ರಬಂಧವೂ ಅಲ್ಲೇ ಇತ್ತು.

"ಮನಿಯವರನ್ನ ಕೇಳದ ಮಾಡಿದ್ದು ನನ್ನ ತಪ್ಪು. ಇನ್ನ ಮುಂದ ಪ್ರತಿಯೊಬ್ಬರನ್ನ ಕೇಳತೀವಿ. ಒಲ್ಲೆ ಅಂದ್ರ ಒಲ್ಲೆ. ಆದ್ರ ಟಾಕಿ ಒಂದ. ಅದನ್ನ ಜಾತಿಗೊಂದು ಮಾಡೂದಾದ್ರ ನಾನ ಕೋಶ ಬಿಚ್ಚಿ ತಗೊಂಡು ಹೋಗತೀನಿ."

ಗದ್ದಲ ಎದ್ದಿತು. ಅದರ ನಡುವೆ ವಿಠ್ಠಲ ಮಿರಜಕರ ಕುರ್ಚಿಯ ಮೇಲೆ ಹತ್ತಿ ನಿಂತ. ಈ ಸಲ ಅವನು ಕೂಗಿದ, ಆ ಸದಸ್ಯನತ್ತ ತಿರುಗಿ.

"ಈ ಗಲಾಟೆ ಸುರು ಮಾಡಿದಾಂವ ನಾನು. ನಾ ಕೇಳಿದ್ದು ಒಂದ: ನಮ್ಮನ್ನೊಂದು ಮಾತು ಕೇಳಬೇಕಿತ್ತು ಅಂತ. ಟಾಕಿ ಬ್ಯಾರೆ ಮಾಡ್ರಿ ಅಂತ ನಾ ಅಂದಿಲ್ಲ. ನಮ್ಮಪ್ಪ ತೋರಿಸಿದ ಸಿನಿಮಾ ಊರೆಲ್ಲಾ ಒಂದ ಛತ್ತಿನ ಕೆಳಗ ಕೂತು ನೋಡೇತಿ. ಅವರ ಹೆಸರಲೆ ಗ್ವಾಡಿ ಕಟ್ಟಬ್ಯಾಡ್ರಿ."

ಅಂದು ತೀರ್ಮಾನವಾಗಲಿಲ್ಲ. ಟಾಕಿಯಲ್ಲಿ ಇದ್ದದ್ದನ್ನು ಮೊದಲು ಗೌರವದಿಂದ ಖಾಲಿ ಮಾಡಬೇಕು, ಉಳಿದದ್ದು ಆಮೇಲೆ ಎಂದು ನಗರಸಭೆಯ ಅಧ್ಯಕ್ಷೆ ಸಭೆ ಮುಗಿಸಿದರು.

ಒಂದು ಮುಂಜಾನೆ ಸ್ಮಶಾನದ ಬಯಲಿನಲ್ಲಿ ಕಬ್ಬಿಣದ ದೊಡ್ಡ ಬಾಣಲೆಯಿಟ್ಟು ಸ್ಪಿರಿಟ್ ಸುರಿದರು. ಯಾರು ಬರುತ್ತಾರೋ ಬರಲಿ ಎಂದು ಹೇಳಿ ಕಳಿಸಿದ್ದರು. ಅನೇಕ ಮನೆಗಳವರು ಬಂದರು. ಇಲ್ಲಿ ತನ್ನವರು ಯಾರೂ ಇಲ್ಲವೆಂದು ಗೊತ್ತಿದ್ದೂ ಅಂಬೂಬಾಯಿ ಬಂದಳು. ಕಾಳಮ್ಮನೂ ಬಂದಳು, ಸೆರಗು ಬಿಗಿಯಾಗಿ ಹೊದ್ದು, ಮಗಳ ಹಿಂದೆ. ಫರ್ಹಾನಾ ಬೆಂಕಿ ತಾಗಿಸಿದಳು. ಸ್ಪಿರಿಟಿನ ಉರಿ ಬಿಸಿಲಿನಲ್ಲಿ ಕಾಣುವುದಿಲ್ಲ. ಬಾಣಲೆಯ ಮೇಲಿನ ಗಾಳಿ ಮಾತ್ರ ನಡುಗಿತು, ಅದರಾಚೆಯ ಗಿಡ, ಗೋಡೆ, ನಿಂತ ಜನ ಎಲ್ಲ ನಡುಗಿದಂತೆ ಕಂಡರು. ಹೊಗೆಯಿಲ್ಲ, ವಾಸನೆಯಿಲ್ಲ. ಒಬ್ಬ ಮುದುಕ ಕೈಮುಗಿದ. ಯಾರಿಗೆ ಮುಗಿಯುತ್ತಿದ್ದೇನೆಂದು ಅವನಿಗೂ ತಿಳಿದಿರಲಿಕ್ಕಿಲ್ಲ. ಪಕ್ಕದವರೂ ಮುಗಿದರು. ಮನೆಗೆ ಮರಳುವಾಗ ಕಾಳಮ್ಮ, "ಇದರಾಗ ಅಂಜೂವಂಥಾದ್ದು ಏನೂ ಇಲ್ಲ" ಎಂದಳು. ಆದರೂ ಇಬ್ಬರೂ ತಲೆಯ ಮೇಲೆ ನೀರು ಹಾಕಿಕೊಂಡೇ ಒಳಗೆ ಹೋದರು.

ಬೇಸಿಗೆ ಮುಗಿಯುವ ಹೊತ್ತಿಗೆ ನಗರಸಭೆ ಸಣ್ಣ ಬಹುಮತದಿಂದ ಅನುಮತಿ ಕೊಟ್ಟಿತು. ಮನೆಯವರು ಒಪ್ಪಿದರೆ ಮಾತ್ರ. ಟಾಕಿ ಒಂದೇ. ಬೀಗ ತೆಗೆದರು. ಫರ್ಹಾನಾ ಹೊಸ ಎಲೆಕ್ಟ್ರೋಡ್ ಕೂರಿಸಿದಳು. ಟಾಕಿ ಒಣಗಿ ಹೊಳೆಯುತ್ತಿತ್ತು.

ಕೇಳುವ ಕೆಲಸವನ್ನು ಇಂದುಮತಿ ತಾನೇ ವಹಿಸಿಕೊಂಡಳು. ಅದು ಅವಳು ಎಣಿಸಿದ್ದಕ್ಕಿಂತ ಕಷ್ಟದ್ದಾಗಿತ್ತು. ಮೊದಮೊದಲು ಬಹಳ ಮಾತಾಡುತ್ತಿದ್ದಳು: ಭೂಮಿ ಬಿಸಿಯಾಗುತ್ತಿರುವುದು, ಗ್ಯಾಸು ಉಳಿಯುವುದು, ತಾಮ್ರ, ಬೆಳ್ಳಿ. ಜನ ಅವಳತ್ತ ನೋಡುತ್ತಿದ್ದರು, ಕೇಳುತ್ತಿರಲಿಲ್ಲ. ಹೆಗಲ ಮೇಲೆ ಹೆಣ ಹೊತ್ತು ಬಂದವರಿಗೆ ಯಾವ ಭೂಮಿ? ಒಬ್ಬ ಅವಳನ್ನು ಬೈದ. ಇನ್ನೊಬ್ಬಳು ಅವಳ ಕೈ ಹಿಡಿದು ಅತ್ತು, ಒಲ್ಲೆನೆಂದಳು. ಕ್ರಮೇಣ ಅವಳು ಮಾತು ಕಡಿಮೆ ಮಾಡಿದಳು. ಶವದ ಹತ್ತಿರ ತಾನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ತೀರಿಕೊಂಡವರ ಹೆಸರು ಕೇಳುತ್ತಿದ್ದಳು. ಆಮೇಲೆ ಎರಡು ವಾಕ್ಯದಲ್ಲಿ ವಿಷಯ ಹೇಳಿ, ಒಲ್ಲೆವೆಂದರೆ ಕೈಮುಗಿದು ಹಿಂದೆ ಸರಿಯುತ್ತಿದ್ದಳು. ಎಲ್ಲರೂ ಒಲ್ಲೆವೆಂದರು. ಮಳೆಗಾಲ ಸುರುವಾಯಿತು. ಕೋಶವನ್ನು ಒಮ್ಮೆಯೂ ಚಾಲೂ ಮಾಡುವ ಸಂದರ್ಭ ಬರಲಿಲ್ಲ. ನಾಡಗೌಡರು ಕಾರಿಡಾರಿನಲ್ಲಿ ಸಿಕ್ಕಾಗ ಏನೂ ಕೇಳುತ್ತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಮೋಡ ಕವಿದ ಒಂದು ಮಧ್ಯಾಹ್ನ ಗೋವಿಂದಪ್ಪ ಎಂಬಾತ ಮಗಳನ್ನು ತಂದ. ಮಗ್ಗದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮನುಷ್ಯ. ಮಗಳು ವೈಜಯಂತಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಳು, ಜ್ವರ ಮೆದುಳಿಗೇರಿ ಹೋಗಿಬಿಟ್ಟಿದ್ದಳು. ಜೊತೆಗೆ ಬಂದವರು ಕೆಲವರೇ. ಇಂದುಮತಿ ಎಂದಿನಂತೆ ನಿಂತಳು, ಹೆಸರು ಕೇಳಿದಳು, ಎರಡು ವಾಕ್ಯ ಹೇಳಿದಳು. ಗೋವಿಂದಪ್ಪ ಅವಳನ್ನು ದಿಟ್ಟಿಸಿದ.

"ಪ್ಯಾಪರಿನ್ಯಾಗ ಓದಿದ್ಲು ಅಕಿ. ನಂಗೂ ಓದಿ ಹೇಳಿದ್ಲು. ಇದರಾಗ ತಪ್ಪೇನೈತಪ್ಪಾ ಅಂದಿದ್ಲು." ಅವನು ಮಗಳ ಹಣೆಯ ಮೇಲಿನ ಕೂದಲು ಸರಿಸಿದ. "ಎಣ್ಣಿ ಆಗತಾಳಂತಲ್ಲ, ಅದನ್ನ ಯಾತಕ್ಕ ಬಳಸತೀರಿ?"

"ಮುಂದ ಬರೂವವರ ಚಿತಿಗೆ."

"ಅವರ ಉಪಯೋಗಕ್ಕ."

"ಹೌದ್ರಿ."

ಅವನು ತಲೆದೂಗಿದ. ಅದು ಒಪ್ಪಿಗೆಯೆಂದು ಇಂದುಮತಿಗೆ ತಕ್ಷಣ ಹೊಳೆಯಲೇ ಇಲ್ಲ. ಹೊಳೆದಾಗ ಗೋಡೆಯಾಚೆ ಕಾಯುತ್ತಿದ್ದ ಫರ್ಹಾನಾಳಿಗೆ ಕೈಯೆತ್ತಿ ಸನ್ನೆ ಮಾಡಿದಳು. ಪಂಪು ಸುರುವಾದ ಸದ್ದು ಕೇಳಿಸಿತು. ಚಿತಾಗಾರದ ಬಾಗಿಲು ಮುಚ್ಚಿತು.

ಉರಿ ಮುಗಿಯುವವರೆಗೆ ಗೋವಿಂದಪ್ಪ ಹೋಗಲಿಲ್ಲ. ಆಮೇಲೆ, ನೋಡಬಹುದೇ ಎಂದು ಕೇಳಿದ. ಇಂದುಮತಿ ಅವನನ್ನು ಗೋಡೆಯಾಚೆ ಕರೆದುಕೊಂಡು ಹೋದಳು. ಟಾಕಿಯ ಬದಿಯ ಗಾಜಿನ ಕೊಳವೆಯಲ್ಲಿ, ತಳದಲ್ಲಿ, ಬೆರಳಗಲದಷ್ಟು ತಿಳಿಯಾದ ದ್ರವ ಕಾಣುತ್ತಿತ್ತು. ಅವನು ಬಗ್ಗಿ ನೋಡಿದ. ಟಾಕಿಯ ಮೇಲೆ ಅಂಗೈ ಊರಿದ.

"ಬಾಕಿದವರು?"

"ಯಾರೂ ಇಲ್ರಿ. ಇನ್ನೂ ಯಾರೂ ಒಪ್ಪಿಲ್ಲ."

"ಅಂದ್ರ ಒಳಗ ಒಬ್ಬಾಕಿನ ಅದಾಳೇನು?"

ಇಂದುಮತಿಗೆ ಸುಳ್ಳು ಹೇಳಲು ಬರಲಿಲ್ಲ. "ಹೌದ್ರಿ. ಇವತ್ತ ಒಬ್ಬಾಕಿನ."

ಗೋವಿಂದಪ್ಪ ಬಹಳ ಹೊತ್ತು ಕೈ ತೆಗೆಯಲಿಲ್ಲ. ಹೊರಗೆ ಮಳೆ ಹನಿಯತೊಡಗಿತ್ತು. ಕೊನೆಗೆ ಅವನು ತಿರುಗಿದ.

"ಅಕಿಗೆ ಒಬ್ಬಾಕಿನ ಇದ್ದು ರೂಢಿ ಇಲ್ಲ" ಎಂದ. "ಲಗೂನ ಯಾರನ್ನರೆ ಕೇಳ್ರಿ ಮ್ಯಾಡಂ. ಯಾರಾದ್ರೂ ಆಗ್ಲಿ."